ಬೆಳಕನ್ನು ಮದ್ದಾಗಿಸಿದ ರೋಗಿ

ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದವನ ಮೇಜಿನ ಮುಂದೆ ಸಾವಿರಾರು ಮುಖಗಳು ಹಾದುಹೋಗಿರುತ್ತವೆ. ನೆನಪಿನಲ್ಲಿ ಉಳಿಯುವುದು ಕೆಲವು ಮಾತ್ರ. ಅಂಥ ಒಂದು ಮುಖ ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಅಂಗವಿಕಲರ ಮಾಸಾಶನ ಕೋರಿ ಬಂದ ಒಬ್ಬ ಹೆಣ್ಣುಮಗಳದ್ದು. ಚಿಕ್ಕಬಳ್ಳಾಪುರ ಆಗಿನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ, ಕೋಲಾರಕ್ಕೆ ಸೇರಿತ್ತು. ಆಕೆ ಶಿಡ್ಲಘಟ್ಟದ ಕಡೆಯ ಫಿಲೇಚರ್ ಒಂದರಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದವಳು. ವಯಸ್ಸು ನಲವತ್ತರ ಆಸುಪಾಸು. ಮುಖದ ಚರ್ಮ ಎಳೆದು ಬಿಗಿದಂತೆ ನುಣುಪಾಗಿ ಹೊಳೆಯುತ್ತಿತ್ತು. ಒಂದು ಸುಕ್ಕೂ ಇರಲಿಲ್ಲ. ತುಟಿಗಳು ತೆಳುವಾಗಿ ಒಳಸರಿದಿದ್ದವು. ಬಾಯಿ ಎಷ್ಟು ಕಿರಿದಾಗಿತ್ತೆಂದರೆ ಮುದ್ದೆಯ ತುತ್ತು ಒಳಹೋಗುವುದಿಲ್ಲವೆಂದು ಜೊತೆಗೆ ಬಂದಿದ್ದ ಅತ್ತೆ ಹೇಳಿದರು. ಮಾಗಿಯ ಚಳಿ ಬಂತೆಂದರೆ ಬೆರಳುಗಳು ಮೊದಲು ಬಿಳಿಚಿ, ಆಮೇಲೆ ನೀಲಿಗಟ್ಟುತ್ತವೆ ಎಂಬುದೂ ಅವರ ಮಾತೇ. ಅರ್ಜಿಗೆ ಅಂಟಿಸಿದ್ದ ಹಳೆಯ ಫೋಟೊದಲ್ಲಿದ್ದ ಮುಖಕ್ಕೂ ಎದುರಿಗಿದ್ದ ಮುಖಕ್ಕೂ ಹೋಲಿಕೆಯೇ ಇರಲಿಲ್ಲ.

ಕೈ ಇತ್ತು, ಕಾಲು ಇತ್ತು, ಕಣ್ಣು ಕಿವಿ ಸರಿಯಾಗಿದ್ದವು. 1995ರ ಕಾಯ್ದೆಯಲ್ಲಿ ಎಣಿಸಿದ್ದ ಅಂಗವೈಕಲ್ಯಗಳು ಏಳು. ಅವುಗಳಲ್ಲಿ ಯಾವುದಕ್ಕೂ ಈಕೆ ಹೊಂದುವುದಿಲ್ಲವೆಂದು ಕಡತದಲ್ಲಿ ಟಿಪ್ಪಣಿ ಬಂತು. ಅದಕ್ಕೆ ಸಹಿ ಹಾಕಿದವನು ನಾನೇ. ಮುಖದ ಅಂದ ಕೆಟ್ಟಿರುವುದು ಸರ್ಕಾರ ಪರಿಹರಿಸಬೇಕಾದ ನಷ್ಟವಲ್ಲ ಎಂಬ ಭಾವನೆ ಅಂದು ನನ್ನಲ್ಲಿಯೂ ಇತ್ತು ಎಂಬುದನ್ನು ಮರೆಮಾಚಲಾರೆ.

ಆ ಕಾಯಿಲೆಗೆ ಸಿಸ್ಟಮಿಕ್ ಸ್ಕ್ಲೀರೋಸಿಸ್ ಎಂಬ ಹೆಸರಿದೆ ಎಂದು ತಿಳಿದದ್ದು ಬಹಳ ವರ್ಷಗಳ ನಂತರ, ಚರ್ಮವೈದ್ಯರಾದ ಸ್ನೇಹಿತರೊಬ್ಬರೊಡನೆ ಮಾತನಾಡುತ್ತಿದ್ದಾಗ. ಬಿಗಿದ ಚರ್ಮವನ್ನು ಬೆಳಕಿನಿಂದ ಸ್ವಲ್ಪಮಟ್ಟಿಗೆ ಸಡಿಲಿಸುವ ಚಿಕಿತ್ಸೆಯೂ ಇದೆಯೆಂದು ಅವರು ಹೇಳಿದಾಗ ನಾನು ಅಚ್ಚರಿಪಟ್ಟೆ. ಬೆಳಕು ಮದ್ದಾದದ್ದು ಹೇಗೆಂದು ಹುಡುಕುತ್ತ ಹೋದಾಗ ಎದುರಾದವರು ನೀಲ್ಸ್ ರೈಬರ್ಗ್ ಫಿನ್ಸೆನ್. ವೈದ್ಯಕೀಯದ ಚರಿತ್ರೆಯಲ್ಲಿ ಪ್ರಖ್ಯಾತವಾದ ಈ ಹೆಸರು ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ವೈದ್ಯನೂ ರೋಗಿಯೂ ಒಬ್ಬನೇ ಆಗಿದ್ದ ಆ ಮನುಷ್ಯನ ಬದುಕು, ಮುಖದ ಕಾಯಿಲೆಯನ್ನು ಸಮಾಜ ಹೇಗೆ ಕಾಣಬೇಕು ಎಂಬ ಪ್ರಶ್ನೆಗೆ ನೀಡುವ ಉತ್ತರ ಇಂದಿಗೂ ಹಳತಾಗಿಲ್ಲ.

ಫಿನ್ಸೆನ್ ಹುಟ್ಟಿದ್ದು 1860ರ ಡಿಸೆಂಬರ್ 15ರಂದು, ಉತ್ತರ ಅಟ್ಲಾಂಟಿಕ್ ಸಾಗರದ ಫೇರೋ ದ್ವೀಪಗಳ ಟೋರ್ಸ್‌ಹಾವ್ನ್ ಎಂಬ ಊರಿನಲ್ಲಿ. ನಮ್ಮ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರಿಗೆ ಅವರು ಸಮಕಾಲೀನರು. ಒಬ್ಬರು ನೂರು ವರ್ಷ ದಾಟಿ ಬಾಳಿದರು. ಇನ್ನೊಬ್ಬರಿಗೆ ದೊರೆತದ್ದು ನಲವತ್ತಮೂರು ವರ್ಷ ಮಾತ್ರ. ಫೇರೋ ದ್ವೀಪಗಳು ಮಳೆ, ಮಂಜು, ಗಾಳಿಗಳ ಸೀಮೆ. ಚಳಿಗಾಲದಲ್ಲಿ ಅಲ್ಲಿ ಹಗಲು ಕೆಲವೇ ಗಂಟೆಗಳದ್ದು. ಬಿಸಿಲು ಹೆಚ್ಚೆಂದು ಗೊಣಗುವ ಬಯಲುಸೀಮೆಯ ನಮಗೆ, ಸೂರ್ಯನಿಗಾಗಿ ಕಾಯುವ ಅಂಥ ಊರಿನ ಬದುಕನ್ನು ಊಹಿಸಿಕೊಳ್ಳುವುದು ಕಷ್ಟ.

ತಂದೆ ಹಾನ್ನೆಸ್ ಫಿನ್ಸೆನ್ ಐಸ್‌ಲ್ಯಾಂಡ್ ಮೂಲದವರು. ದ್ವೀಪಗಳ ಆಡಳಿತದಲ್ಲಿ ಉನ್ನತ ಅಧಿಕಾರಿ. ಮಗುವಿಗೆ ನಾಲ್ಕು ವರ್ಷವಾದಾಗ ತಾಯಿ ತೀರಿಕೊಂಡರು. ಹುಡುಗನನ್ನು ಮುಂದೆ ಡೆನ್ಮಾರ್ಕಿನ ಹೆರ್ಲುಫ್ಸ್‌ಹೋಮ್ ಎಂಬ ವಸತಿಶಾಲೆಗೆ ಕಳುಹಿಸಲಾಯಿತು. ಅಲ್ಲಿನ ಮುಖ್ಯೋಪಾಧ್ಯಾಯರಿಗೆ ಈ ಹುಡುಗ ಒಳ್ಳೆಯ ಮನಸ್ಸಿನವನು, ಆದರೆ ಬುದ್ಧಿಯಲ್ಲಾಗಲಿ ಹುರುಪಿನಲ್ಲಾಗಲಿ ಮುಂದಿಲ್ಲದವನು ಎನಿಸಿತ್ತು. ಅಂಕಗಳು ಇಳಿಯುತ್ತ ಬಂದಾಗ 1876ರಲ್ಲಿ ತಂದೆ ಅವನನ್ನು ತಾವು ಓದಿದ್ದ ಐಸ್‌ಲ್ಯಾಂಡಿನ ರೇಕ್ಯವೀಕ್ ಶಾಲೆಗೆ ಸೇರಿಸಿದರು. ಅಲ್ಲಿ ಪಾಸಾದ ಹದಿನೈದು ಮಂದಿಯಲ್ಲಿ ಅವನದು ಹನ್ನೊಂದನೆಯ ಸ್ಥಾನ. ಅಂಕಪಟ್ಟಿ ನೋಡಿ ಮಕ್ಕಳ ಭವಿಷ್ಯ ಬರೆದುಬಿಡುವ ನಮ್ಮ ಪೋಷಕರು ಈ ಸಂಗತಿಯನ್ನು ಗಮನಿಸಬಹುದು.

1882ರಲ್ಲಿ ವೈದ್ಯಕೀಯ ಓದಲು ಅವರು ಕೋಪನ್‌ಹೇಗನ್ನಿಗೆ ಬಂದರು. ಮರುವರ್ಷವೇ ಕಾಯಿಲೆಯ ಮೊದಲ ಲಕ್ಷಣಗಳು ಕಾಣಿಸಿದವು. ಅದು ಅಂದು ಪಿಕ್ ಎಂಬ ವೈದ್ಯರ ಹೆಸರಿನಿಂದ ಗುರುತಿಸಲಾಗುತ್ತಿದ್ದ ರೋಗ: ಹೃದಯ, ಯಕೃತ್ತು, ಗುಲ್ಮಗಳನ್ನು ಸುತ್ತಿದ ಪೊರೆಗಳಲ್ಲಿನ ಸಂಯೋಜಕ ಅಂಗಾಂಶ ವರ್ಷದಿಂದ ವರ್ಷಕ್ಕೆ ದಪ್ಪವಾಗಿ ಬಿಗಿಯುತ್ತ ಹೋಗುವುದು. ನಮ್ಮ ರೇಷ್ಮೆ ಕೆಲಸದ ಹೆಣ್ಣುಮಗಳ ಕಾಯಿಲೆಯೂ ಇದೂ ಒಂದೇ ಅಲ್ಲ. ಎರಡರ ಮೂಲವೂ ಬೇರೆ. ಆದರೆ ದೇಹದ ಮೆದು ಪೊರೆ ಗಡಸಾಗಿ, ಒಳಗಿನ ಬದುಕನ್ನು ಮೆಲ್ಲಗೆ ಹಿಂಡುವ ಕಷ್ಟ ಇಬ್ಬರದೂ ಒಂದೇ ಬಗೆಯದು. ಆಕೆಯ ಬಿಗಿತ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಫಿನ್ಸೆನ್ನರ ಬಿಗಿತ ಎದೆಯ ಒಳಗಿತ್ತು.

ವಿದ್ಯಾರ್ಥಿ ದಿನಗಳಲ್ಲಿ ಫಿನ್ಸೆನ್ ವಾಸವಾಗಿದ್ದದ್ದು ಉತ್ತರಕ್ಕೆ ಮುಖ ಮಾಡಿದ, ಬಿಸಿಲು ಬೀಳದ ಕೋಣೆಯಲ್ಲಿ. ರಕ್ತಹೀನತೆ, ಸದಾ ಆಯಾಸ. ಬಿಸಿಲಿಗೆ ಹೋದರೆ ಸ್ವಲ್ಪ ಹಗುರೆನಿಸುತ್ತಿತ್ತು. ಇದು ಬರೀ ಭಾವನೆಯೋ, ಬೆಳಕಿಗೆ ನಿಜವಾಗಿಯೂ ಶಕ್ತಿಯಿದೆಯೋ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. ಎದುರಿನ ಮಾಡಿನ ಮೇಲೆ ಮಲಗಿದ್ದ ಬೆಕ್ಕೊಂದು ನೆರಳು ಸರಿದು ಬಂದಂತೆಲ್ಲ ಎದ್ದು ಬಿಸಿಲಿಗೆ ಸರಿದು ಮಲಗುವುದನ್ನು ಕಂಡು ಅವರ ಯೋಚನೆ ಗಟ್ಟಿಯಾಯಿತೆಂಬ ಕಥೆಯನ್ನು ಅವರ ಬದುಕನ್ನು ಬರೆದವರು ಹೇಳುತ್ತ ಬಂದಿದ್ದಾರೆ. ಅದಕ್ಕಿಂತ ಮುಖ್ಯವಾದದ್ದು ಅವರು ತಮ್ಮ ತೋಳಿನ ಮೇಲೆಯೇ ಮಾಡಿದ ಪ್ರಯೋಗ. ತೋಳಿಗೆ ಕಪ್ಪು ಮಸಿಯ ಪಟ್ಟಿ ಬಳಿದು ಬಿಸಿಲಿಗೆ ಒಡ್ಡಿದರು. ಮಸಿಯಿಲ್ಲದ ಚರ್ಮ ಕೆಂಪಾಗಿ ಉರಿಯಿತು, ಆಮೇಲೆ ಕಂದಾಯಿತು. ಮಸಿಯ ಕೆಳಗಿನದು ಹಾಗೆಯೇ ಉಳಿಯಿತು. ಮಸಿ ತೊಳೆದು ಮತ್ತೆ ಬಿಸಿಲಿಗೆ ಹಿಡಿದಾಗ, ಮೊದಲು ಉಳಿದುಕೊಂಡಿದ್ದ ಬಿಳಿಯ ಪಟ್ಟಿಯೇ ಸುಟ್ಟಿತು. ಚರ್ಮದ ಬಣ್ಣ ಎಂಬುದು ದೇಹ ತಾನೇ ಹಿಡಿದುಕೊಳ್ಳುವ ಕೊಡೆ ಎಂಬುದು ಹೀಗೆ ಸ್ಪಷ್ಟವಾಯಿತು.

ಸುಡುವುದು ಬಿಸಿಲಿನ ಶಾಖವಲ್ಲ, ಅದರಲ್ಲಿನ ನೀಲಿ, ನೇರಳೆ ಮತ್ತು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು ಎಂಬ ತಿಳಿವಳಿಕೆಯನ್ನು ಫಿನ್ಸೆನ್ ವ್ಯವಸ್ಥಿತವಾಗಿ ಪರೀಕ್ಷಿಸಿದರು. ಸೂರ್ಯನಿಂದ ಕಾಣದ ಕಿರಣಗಳೂ ಬರುತ್ತವೆ ಎಂಬುದು ನಮ್ಮ ಜಿಲ್ಲೆಗೆ ಹೊಸದಲ್ಲ. ಗೌರಿಬಿದನೂರಿನ ಬಳಿ 1976ರಿಂದ ಕೆಲಸ ಮಾಡುತ್ತಿರುವ ರೇಡಿಯೊ ವೀಕ್ಷಣಾಲಯ ಹಿಡಿಯುವುದು ಕಣ್ಣಿಗೆ ಕಾಣದ ಅಲೆಗಳನ್ನೇ. ಆ ಅಲೆಗಳು ಮೀಟರುಗಟ್ಟಲೆ ಉದ್ದದವು. ಫಿನ್ಸೆನ್ ಬೆನ್ನು ಹತ್ತಿದ ಕಿರಣಗಳ ಅಲೆಯ ಉದ್ದ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಒಂದೇ ಸೂರ್ಯನ ಎರಡು ತುದಿಗಳು.

1890ರಲ್ಲಿ ವೈದ್ಯರಾಗಿ ತೇರ್ಗಡೆಯಾದ ಫಿನ್ಸೆನ್ ವಿಶ್ವವಿದ್ಯಾಲಯದ ಅಂಗರಚನಾ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. 1892ರ ಕೊನೆಯಲ್ಲಿ ಇಂಗೆಬೋರ್ಗ್ ಬಾಲ್ಸ್‌ಲೆವ್ ಅವರನ್ನು ಮದುವೆಯಾದರು. ಮರುವರ್ಷ, ದೇಹ ಕುಗ್ಗುತ್ತಿರುವುದನ್ನು ಅರಿತೇ, ಆ ಕೆಲಸವನ್ನು ಬಿಟ್ಟು ಸಂಶೋಧನೆಗೆ ನಿಂತರು. ಅದೇ 1893ರಲ್ಲಿ, ಸಿಡುಬು ಬಂದವರನ್ನು ಕೆಂಪು ಪರದೆ ಕಟ್ಟಿದ ಕೋಣೆಯಲ್ಲಿ ಇರಿಸಿ ನೇರಳೆ ಕಿರಣಗಳನ್ನು ತಡೆದರೆ ಮುಖದಲ್ಲಿ ಕಲೆಗಳು ಉಳಿಯವು ಎಂದು ಸೂಚಿಸಿದರು. ನಾರ್ವೆಯ ಬೆರ್ಗೆನ್‌ನಲ್ಲಿ ವೈದ್ಯರು ಅದನ್ನು ಪ್ರಯೋಗಿಸಿದರು. ಆರಂಭದ ವರದಿಗಳು ಉತ್ಸಾಹ ತಂದವು. ಕಾಲಾನಂತರದಲ್ಲಿ ಆ ವಿಧಾನ ನಿಲ್ಲಲಿಲ್ಲ. ಮಹಾಪುರುಷರ ಚರಿತ್ರೆ ಬರೆಯುವಾಗ ಇಂಥ ಪುಟಗಳನ್ನು ಹಾರಿಸಿಬಿಡುವ ರೂಢಿ ಇದೆ. ಆದರೆ ಆ ವಿಫಲ ಯತ್ನದಲ್ಲಿಯೂ ಅವರ ಚಿಂತೆ ಮುಖದ ಕಲೆಯ ಬಗ್ಗೆಯೇ ಇತ್ತು ಎಂಬುದನ್ನು ನಾವು ಗಮನಿಸಬೇಕು.

ಆಗ ಯುರೋಪಿನ ಬಡವರನ್ನು ಕಾಡುತ್ತಿದ್ದ ಕಾಯಿಲೆಗಳಲ್ಲಿ ಒಂದು ಲೂಪಸ್ ವಲ್ಗಾರಿಸ್. ಅದು ಚರ್ಮದ ಕ್ಷಯ. ಬಹುಪಾಲು ಮುಖದ ಮೇಲೆಯೇ ಹಬ್ಬುತ್ತಿತ್ತು. ಮೂಗು, ತುಟಿ, ಕೆನ್ನೆಗಳನ್ನು ವರ್ಷಗಟ್ಟಲೆ ಮೆಲ್ಲಗೆ ತಿನ್ನುತ್ತಿದ್ದುದರಿಂದಲೇ ಅದಕ್ಕೆ ಲ್ಯಾಟಿನ್ ಭಾಷೆಯ ತೋಳದ ಹೆಸರು ಅಂಟಿತ್ತು. ಅದು ಪ್ರಾಣವನ್ನು ಬೇಗ ತೆಗೆಯುತ್ತಿರಲಿಲ್ಲ. ಬದುಕನ್ನು ಮಾತ್ರ ತೆಗೆದುಬಿಡುತ್ತಿತ್ತು. ಮುಖ ಕೆಟ್ಟವರಿಗೆ ಕೂಲಿ ಸಿಗುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ. ಜನ ಅವರನ್ನು ಕಂಡರೆ ದೂರ ಸರಿಯುತ್ತಿದ್ದರು. ಕೊರೆದು ತೆಗೆಯುವುದು, ಸುಡುವುದು, ತೀಕ್ಷ್ಣ ರಾಸಾಯನಿಕಗಳನ್ನು ಹಚ್ಚುವುದು ಅಂದಿನ ಚಿಕಿತ್ಸೆಗಳು. ಅವುಗಳ ಗಾಯವೂ ರೋಗದಷ್ಟೇ ಕುರೂಪವನ್ನು ಉಳಿಸುತ್ತಿತ್ತು.

ಬೆಳಕಿನ ಕಿರಣಗಳು ರೋಗಾಣುಗಳನ್ನು ಕೊಲ್ಲುತ್ತವೆಂಬುದು ಅಷ್ಟು ಹೊತ್ತಿಗೆ ತಿಳಿದಿತ್ತು. ಹಾಗಿದ್ದರೆ ಬಲವಾದ ಬೆಳಕನ್ನು ಒಂದೆಡೆ ಕೂಡಿಸಿ, ಶಾಖವನ್ನು ಸೋಸಿ ತೆಗೆದು, ರೋಗ ಹಿಡಿದ ಚರ್ಮದ ಮೇಲೆ ಬಿಟ್ಟರೆ ಹೇಗೆ ಎಂದು ಫಿನ್ಸೆನ್ ಯೋಚಿಸಿದರು. 1895ರ ನವೆಂಬರ್‌ನಲ್ಲಿ ಕೋಪನ್‌ಹೇಗನ್ನಿನ ವಿದ್ಯುತ್ ಸ್ಥಾವರದಲ್ಲಿ, ಇಂಗಾಲದ ಕಡ್ಡಿಗಳ ನಡುವೆ ಉರಿಯುವ ಆರ್ಕ್ ದೀಪದ ಬೆಳಕಿನಲ್ಲಿ ಪ್ರಯೋಗ ಆರಂಭವಾಯಿತು. ಮೊದಲ ರೋಗಿ ಮೊಗೆನ್ಸೆನ್ ಎಂಬ ಇಂಜಿನಿಯರ್. ವರ್ಷಗಳಿಂದ ಮುಖದಲ್ಲಿ ಲೂಪಸ್ ಹೊತ್ತು, ಮಾಡಿಸಿದ ಚಿಕಿತ್ಸೆಗಳೆಲ್ಲ ಸೋತವರು. ದಿನಕ್ಕೆ ಗಂಟೆಗಟ್ಟಲೆ, ತಿಂಗಳುಗಟ್ಟಲೆ ಬೆಳಕು ಹಾಯಿಸಿದ ಮೇಲೆ ಅವರ ಮುಖ ವಾಸಿಯಾಯಿತು. ಬೀದಿದೀಪದ ಉದ್ಯಮಕ್ಕಾಗಿ ಹುಟ್ಟಿದ ಬೆಳಕು ಮನುಷ್ಯನ ಮುಖವನ್ನು ಅವನಿಗೆ ಹಿಂದಿರುಗಿಸಿತ್ತು. ನಮ್ಮ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹೊತ್ತಿದ್ದು ಇದಾಗಿ ಹತ್ತು ವರ್ಷಗಳ ಮೇಲೆ, 1905ರಲ್ಲಿ.

1896ರಲ್ಲಿ ದಾನಿಗಳ ನೆರವಿನಿಂದ ಫಿನ್ಸೆನ್ನರ ಬೆಳಕಿನ ಚಿಕಿತ್ಸಾಲಯ ತೆರೆಯಿತು. ಬಳಿಕ ಸರ್ಕಾರವೂ ಕೈಜೋಡಿಸಿತು. ಅಲ್ಲಿನ ಏರ್ಪಾಟನ್ನು ಸ್ವಲ್ಪ ವಿವರವಾಗಿ ನೋಡಬೇಕು. ನಡುವೆ ಒಂದು ದೊಡ್ಡ ಆರ್ಕ್ ದೀಪ. ಅದರಿಂದ ನಾಲ್ಕು ದಿಕ್ಕಿಗೆ ದೂರದರ್ಶಕದಂಥ ನಾಲ್ಕು ಕೊಳವೆಗಳು. ಒಂದೊಂದರ ತುದಿಗೂ ಒಬ್ಬೊಬ್ಬ ರೋಗಿ. ಸಾಧಾರಣ ಗಾಜು ಅತಿನೇರಳೆ ಕಿರಣಗಳನ್ನು ತಡೆಯುವುದರಿಂದ ಮಸೂರಗಳನ್ನು ಪಾರದರ್ಶಕ ಬೆಣಚುಕಲ್ಲಿನಲ್ಲಿ, ಎಂದರೆ ಸ್ಫಟಿಕದಲ್ಲಿ, ಕಡೆದಿದ್ದರು. ಶಾಖ ತಗ್ಗಿಸಲು ನಡುವೆ ನೀರು. ರೋಗಿಯ ಪಕ್ಕದಲ್ಲಿ ಕುಳಿತ ದಾದಿ ಸ್ಫಟಿಕದ ಬಿಲ್ಲೆಯೊಂದನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತಿದ್ದಳು. ರಕ್ತ ಬೆಳಕನ್ನು ಹೀರಿಕೊಳ್ಳುತ್ತದೆ. ಒತ್ತಿದರೆ ರಕ್ತ ಬದಿಗೆ ಸರಿದು ಕಿರಣ ಆಳಕ್ಕೆ ಇಳಿಯುತ್ತದೆ. ಒಂದು ಸಲಕ್ಕೆ ವಾಸಿಯಾಗುತ್ತಿದ್ದದ್ದು ಅಂಗೈಯ ಒಂದು ಸಣ್ಣ ಪಾಲಿನಷ್ಟು ಜಾಗ ಮಾತ್ರ. ಹೀಗೆ ಒಂದೊಂದೇ ಚುಕ್ಕೆಯಾಗಿ, ದಿನಾ ಸುಮಾರು ಒಂದು ಗಂಟೆ, ತಿಂಗಳುಗಳ ಕಾಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಕಾಣುವುದು ಇನ್ನೊಂದು ಸಂಗತಿ. ಇದು ಅಗ್ಗದ ಚಿಕಿತ್ಸೆಯಾಗಿರಲಿಲ್ಲ. ವಿದ್ಯುತ್ತಿಗೆ ಹಣ, ಸ್ಫಟಿಕಕ್ಕೆ ಹಣ, ಒಬ್ಬೊಬ್ಬ ರೋಗಿಗೆ ಒಬ್ಬೊಬ್ಬ ದಾದಿ. ರೋಗಿಗಳೋ ಬಹುಪಾಲು ಬಡವರು. ಮಾರುಕಟ್ಟೆಯ ಲೆಕ್ಕಕ್ಕೆ ಬಿಟ್ಟಿದ್ದರೆ ಇಂಥ ಆಸ್ಪತ್ರೆ ಏಳುತ್ತಲೇ ಇರಲಿಲ್ಲ. ಏಕೆಂದರೆ ಕೊಳ್ಳುವ ಶಕ್ತಿ ಇಲ್ಲದವನ ಬೇಡಿಕೆಯನ್ನು ಮಾರುಕಟ್ಟೆ ಬೇಡಿಕೆಯೆಂದೇ ಎಣಿಸುವುದಿಲ್ಲ. ಡೆನ್ಮಾರ್ಕಿನ ಸಮಾಜ ಮುಖದ ಕಾಯಿಲೆಯನ್ನು ಅಂದಚಂದದ ಪ್ರಶ್ನೆಯೆಂದು ಬದಿಗೆ ಸರಿಸಲಿಲ್ಲ. ದುಡಿಯುವ ಶಕ್ತಿಯಿದ್ದೂ ಮುಖದ ಕಾರಣಕ್ಕೆ ಕೆಲಸದಿಂದ ಹೊರಬಿದ್ದವನನ್ನು ಮತ್ತೆ ಕೆಲಸಕ್ಕೆ ತರುವುದು ಸಾರ್ವಜನಿಕ ಹಿತ ಎಂದು ಅದು ಒಪ್ಪಿಕೊಂಡಿತು. ಕೆಲವೇ ವರ್ಷಗಳಲ್ಲಿ ಎಂಟುನೂರಕ್ಕೂ ಹೆಚ್ಚು ಲೂಪಸ್ ರೋಗಿಗಳು ಅಲ್ಲಿ ಚಿಕಿತ್ಸೆ ಪಡೆದರು. ಅವರಲ್ಲಿ ಬಹುಮಂದಿ ಗುಣ ಹೊಂದಿದರು ಅಥವಾ ಗಮನಾರ್ಹವಾಗಿ ಸುಧಾರಿಸಿದರು. ಡೆನ್ಮಾರ್ಕಿನ ರಾಜಕುಮಾರಿಯಾಗಿದ್ದು ಇಂಗ್ಲೆಂಡಿಗೆ ಸೊಸೆಯಾಗಿ ಹೋಗಿದ್ದ ಅಲೆಕ್ಸಾಂಡ್ರಾ, 1900ರಲ್ಲಿ ಲಂಡನ್ ಆಸ್ಪತ್ರೆಗೆ ಫಿನ್ಸೆನ್ ದೀಪವೊಂದನ್ನು ಕೊಡುಗೆಯಾಗಿ ನೀಡಿದರು.

ಇತರರ ಮುಖಗಳು ತಿಳಿಯಾಗುತ್ತಿದ್ದಂತೆ ಫಿನ್ಸೆನ್ನರ ದೇಹ ಕುಸಿಯುತ್ತಿತ್ತು. ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ಅದನ್ನು ಮತ್ತೆ ಮತ್ತೆ ತೆಗೆಯಬೇಕಿತ್ತು. ಕೊನೆಯ ವರ್ಷಗಳಲ್ಲಿ ಗಾಲಿಕುರ್ಚಿಯೇ ಗತಿಯಾಯಿತು. ಅವರು ತಮ್ಮ ಕಾಯಿಲೆಯನ್ನೂ ಸಂಶೋಧನೆಯ ವಿಷಯವಾಗಿಸಿಕೊಂಡರು. ತಿಂದದ್ದನ್ನು, ಕುಡಿದದ್ದನ್ನು, ಹೊರಹೋದದ್ದನ್ನು ತೂಗಿ ಅಳೆದು ಬರೆದಿಟ್ಟರು. ಉಪ್ಪು ಕಡಿಮೆ ಮಾಡಿದರೆ ದೇಹದಲ್ಲಿ ನೀರು ನಿಲ್ಲುವುದು ಕಡಿಮೆಯಾಗುತ್ತದೆಂದು ಕಂಡುಕೊಂಡರು. ಶರೀರದಲ್ಲಿ ಉಪ್ಪಿನ ಸಂಗ್ರಹವನ್ನು ಕುರಿತ ಆ ಲೇಖನ 1904ರಲ್ಲಿ ಪ್ರಕಟವಾಯಿತು. ಜಮಾಖರ್ಚಿನ ಪುಸ್ತಕ ಬರೆದಷ್ಟು ನಿಷ್ಠೆಯಿಂದ ತನ್ನ ಸಾವಿನ ಲೆಕ್ಕವನ್ನು ಬರೆದವರು ವಿರಳ.

1903ರ ಡಿಸೆಂಬರ್‌ನಲ್ಲಿ, ಕೇಂದ್ರೀಕರಿಸಿದ ಬೆಳಕಿನ ಕಿರಣಗಳಿಂದ ರೋಗಗಳಿಗೆ, ವಿಶೇಷವಾಗಿ ಲೂಪಸ್ ವಲ್ಗಾರಿಸ್‌ಗೆ, ಚಿಕಿತ್ಸೆ ನೀಡಿದ್ದಕ್ಕಾಗಿ ಅವರಿಗೆ ವೈದ್ಯಕೀಯ ನೊಬೆಲ್ ಬಹುಮಾನ ಬಂತು. ಅದೇ ವರ್ಷ ಭೌತವಿಜ್ಞಾನದ ಬಹುಮಾನ ಬೆಕೆರೆಲ್ ಮತ್ತು ಕ್ಯೂರಿ ದಂಪತಿಗೆ. ಕಾಯಿಲೆಯಿಂದಾಗಿ ಸ್ಟಾಕ್‌ಹೋಮ್‌ಗೆ ಹೋಗುವ ಸ್ಥಿತಿಯಲ್ಲಿ ಫಿನ್ಸೆನ್ ಇರಲಿಲ್ಲ. ಬಹುಮಾನದ ಹಣದಲ್ಲಿ ದೊಡ್ಡ ಪಾಲನ್ನು ಅವರು ತಮ್ಮ ಸಂಸ್ಥೆಗೂ, ಹೃದಯ ಮತ್ತು ಯಕೃತ್ತಿನ ರೋಗಿಗಳಿಗಾಗಿ ತಾವು ಸ್ಥಾಪಿಸಿದ್ದ ಆರೋಗ್ಯಧಾಮಕ್ಕೂ ಕೊಟ್ಟರು. 1904ರ ಸೆಪ್ಟೆಂಬರ್ 24ರಂದು ಕೋಪನ್‌ಹೇಗನ್‌ನಲ್ಲಿ ಅವರು ಕೊನೆಯುಸಿರೆಳೆದರು. ತನ್ನ ಕಾಯಿಲೆಗೆ ಮದ್ದು ಕಾಣದೆ ಹೋದರೂ ಇತರರ ಕಾಯಿಲೆಗೆ ಮದ್ದು ಕೊಟ್ಟ ಬದುಕು ಅಲ್ಲಿಗೆ ಮುಗಿಯಿತು.

ಮುಂದಿನ ಕಥೆ ಕೆಲವರಿಗೆ ನಿರಾಶೆ ತರಬಹುದು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಾಜಿಡ್ ಬಂದ ಮೇಲೆ ಚರ್ಮದ ಕ್ಷಯಕ್ಕೆ ದೀಪ ಬೇಕಾಗಲಿಲ್ಲ. ಫಿನ್ಸೆನ್ ದೀಪಗಳು ವಸ್ತುಸಂಗ್ರಹಾಲಯ ಸೇರಿದವು. ಒಂದು ಶತಮಾನ ಕಳೆದ ಮೇಲೆ, 2005ರಲ್ಲಿ, ಡೆನ್ಮಾರ್ಕಿನ ಸಂಶೋಧಕರು ಆ ಹಳೆಯ ಮಸೂರ, ಸೋಸುಕಗಳನ್ನು ಹೊರತೆಗೆದು ಅಳೆದು ನೋಡಿದರು. ಅವುಗಳ ಮೂಲಕ ಹಾಯುತ್ತಿದ್ದದ್ದು ಮುಖ್ಯವಾಗಿ 340 ನ್ಯಾನೊಮೀಟರಿಗಿಂತ ಉದ್ದದ ಅಲೆಗಳು ಎಂಬುದು ಕಂಡುಬಂತು. ಫಿನ್ಸೆನ್ ನಂಬಿದ್ದ ತೀರ ಗಿಡ್ಡ ಅಲೆಯ ಕಿರಣಗಳು ರೋಗಿಯನ್ನು ತಲುಪುತ್ತಲೇ ಇರಲಿಲ್ಲ. ಕ್ಷಯದ ರೋಗಾಣುವಿನೊಳಗಿನ ಪಾರ್ಫಿರಿನ್ ಎಂಬ ವಸ್ತು ಈ ಬೆಳಕನ್ನು ಹೀರಿ, ರೋಗಾಣುವನ್ನೇ ಸುಟ್ಟಿರಬೇಕು ಎಂಬುದು ಈಗಿನ ವಿವರಣೆ. ಕಾರಣವನ್ನು ತಪ್ಪಾಗಿ ಊಹಿಸಿದ್ದರೂ ಫಲಿತಾಂಶವನ್ನು ಪ್ರಾಮಾಣಿಕವಾಗಿ ದಾಖಲಿಸಿದ್ದರಿಂದಲೇ ನೂರು ವರ್ಷಗಳ ನಂತರವೂ ಅವರ ಕೆಲಸ ಪರೀಕ್ಷೆಗೆ ನಿಂತಿತು.

ನಮ್ಮ ವಿಷಯಕ್ಕೆ ಬೇಕಾದ ಸೇತುವೆ ಇರುವುದು ಇಲ್ಲಿಯೇ. 340ರಿಂದ 400 ನ್ಯಾನೊಮೀಟರ್‌ವರೆಗಿನ ಈ ಪಟ್ಟಿಯನ್ನು ಇಂದು ಯುವಿಎ-1 ಎನ್ನುತ್ತಾರೆ. ಅತಿನೇರಳೆ ಕಿರಣಗಳಲ್ಲಿ ಚರ್ಮದ ಆಳಕ್ಕೆ ಹೆಚ್ಚಾಗಿ ಇಳಿಯುವುದು ಇದು. 1990ರ ದಶಕದಲ್ಲಿ ಜರ್ಮನಿಯ ಚರ್ಮವೈದ್ಯರು ಇದನ್ನು ಗಡಸಾದ ಚರ್ಮಕ್ಕೆ ಪ್ರಯೋಗಿಸತೊಡಗಿದರು. ಅದು ಕೆಲಸ ಮಾಡುವ ಬಗೆಯನ್ನು ಶಿಡ್ಲಘಟ್ಟದವರಿಗೆ ವಿವರಿಸುವುದು ಸುಲಭ. ರೇಷ್ಮೆಗೂಡಿನಲ್ಲಿ ಎಳೆಗೆ ಎಳೆ ಅಂಟಿಕೊಂಡು ಗಟ್ಟಿಯಾಗಿರುತ್ತದೆ. ಬಿಸಿನೀರಿನಲ್ಲಿ ಅಂಟು ಸಡಿಲವಾದ ಮೇಲೆಯೇ ನೂಲು ಬಿಚ್ಚುತ್ತದೆ. ನಮ್ಮ ಚರ್ಮದ ಒಳಪದರದಲ್ಲಿ ಕೊಲ್ಯಾಜನ್ ಎಂಬ ಎಳೆಗಳಿವೆ. ಸಿಸ್ಟಮಿಕ್ ಸ್ಕ್ಲೀರೋಸಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಸಣ್ಣ ರಕ್ತನಾಳಗಳು ಕೆಟ್ಟು, ಈ ಎಳೆಗಳು ಬೇಕಿಲ್ಲದಷ್ಟು ಹೆಣೆದುಕೊಳ್ಳುತ್ತವೆ. ಯುವಿಎ-1 ಬಿದ್ದಾಗ ಚರ್ಮದ ಜೀವಕೋಶಗಳು ಕೊಲ್ಯಾಜನ್ನನ್ನು ಕತ್ತರಿಸುವ ಕಿಣ್ವವನ್ನು ಹೆಚ್ಚಾಗಿ ಸ್ರವಿಸುತ್ತವೆ. ಬಿಗಿತ ಸ್ವಲ್ಪ ಸ್ವಲ್ಪವೇ ಸಡಿಲಗೊಳ್ಳುತ್ತದೆ.

ಆದರೆ ಆಸೆ ಹುಟ್ಟಿಸುವಾಗ ಅಳತೆ ತಪ್ಪಬಾರದು. ಚರ್ಮದ ಒಂದು ಭಾಗ ಮಾತ್ರ ಗಡಸಾಗುವ ಮಾರ್ಫಿಯಾ ಎಂಬ ಕಾಯಿಲೆಯಲ್ಲಿ ಈ ಬೆಳಕಿಗೆ ಒಳ್ಳೆಯ ಪುರಾವೆ ಇದೆ. ಇಡೀ ದೇಹಕ್ಕೆ ವ್ಯಾಪಿಸುವ ಸಿಸ್ಟಮಿಕ್ ಸ್ಕ್ಲೀರೋಸಿಸ್‌ನಲ್ಲಿ ನಡೆದಿರುವುದು ಸಣ್ಣ ಸಣ್ಣ ಅಧ್ಯಯನಗಳು. ಕೆಲವರಲ್ಲಿ ಫಲ, ಕೆಲವರಲ್ಲಿ ಇಲ್ಲ. ಬಾಯಿಯ ಸುತ್ತಲಿನ ಬಿಗಿತಕ್ಕೆ ತೀವ್ರವಾದ ಮಿಡಿತದ ಬೆಳಕನ್ನು ಬಳಸಿ ಸ್ವೀಡನ್ನಿನ ವೈದ್ಯರು 2012ರಲ್ಲಿ ಸುಧಾರಣೆಯನ್ನು ವರದಿ ಮಾಡಿದರು. ಆದರೆ ಅಲ್ಲಿದ್ದ ರೋಗಿಗಳು ನಾಲ್ವರೇ. ಈ ಕಾಯಿಲೆ ಶ್ವಾಸಕೋಶ, ಮೂತ್ರಪಿಂಡ, ಅನ್ನನಾಳ, ಹೃದಯಗಳನ್ನೂ ಹಿಡಿಯುತ್ತದೆ. ಬೆಳಕು ಅಲ್ಲಿಗೆ ತಲುಪದು. ಜೊತೆಯಲ್ಲಿ ಬೇರೆ ಬಗೆಯ ಲೂಪಸ್‌ನಂಥ, ಬೆಳಕನ್ನು ಸಹಿಸದ ಕಾಯಿಲೆಯಿದ್ದರೆ ಇದರಿಂದ ಕೆಡುಕೇ ಆದೀತು. ನಮ್ಮಲ್ಲಿ ಬಿಸಿಲು ಧಾರಾಳವಾಗಿದೆಯೆಂದು ಬಯಲಲ್ಲಿ ಕುಳಿತರೆ ಯುವಿಎ-1 ಸಿಕ್ಕಂತಾಗುವುದಿಲ್ಲ. ಸುಡುವ ಕಿರಣಗಳೂ ಜೊತೆಗೇ ಬೀಳುತ್ತವೆ. ಯಂತ್ರ ದುಬಾರಿ, ಶ್ರೀಮಂತ ದೇಶಗಳಲ್ಲಿಯೂ ಎಲ್ಲ ಕಡೆ ಇಲ್ಲ. ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ತೊನ್ನು, ಸೋರಿಯಾಸಿಸ್‌ಗಳಿಗೆ ಬಳಸುವ ಬೆಳಕಿನ ಪೆಟ್ಟಿಗೆಗಳು ಬೇರೆ ಬಗೆಯವು. ದಿನಾ ಬಾಯಿ ಅಗಲಿಸುವ, ಕೆನ್ನೆ ಹಿಗ್ಗಿಸುವ ಸರಳ ವ್ಯಾಯಾಮಗಳಿಂದಲೂ ಕೆಲವರಿಗೆ ಅನುಕೂಲವಾಗುತ್ತದೆ. ಅದಕ್ಕೆ ಹೇಳಿಕೊಡುವವರು ಮಾತ್ರ ಬೇಕು.

ಇನ್ನೊಂದು ಮಾತನ್ನು ನಮ್ಮ ಜಿಲ್ಲೆಯ ಮಟ್ಟಿಗೆ ಹೇಳಲೇಬೇಕು. ಫಿನ್ಸೆನ್ನರ ದೀಪಕ್ಕೆ ಕಿರಣ ಹಾಯಿಸಿದ ಬೆಣಚುಕಲ್ಲು ಸಿಲಿಕಾ. ನಮ್ಮ ಗ್ರಾನೈಟ್ ಬೆಟ್ಟಗಳಲ್ಲಿಯೂ ಇರುವುದು ಅದೇ. ಸ್ಫಟಿಕವಾಗಿದ್ದಾಗ ಬೆಳಕಿಗೆ ದಾರಿ ಬಿಡುವ ಈ ಕಲ್ಲು, ಕ್ವಾರಿ ಮತ್ತು ಕ್ರಷರ್‌ಗಳಲ್ಲಿ ಪುಡಿಯಾಗಿ ಉಸಿರಿನೊಳಗೆ ಹೋದಾಗ ಶ್ವಾಸಕೋಶವನ್ನು ಗಡಸು ಮಾಡುತ್ತದೆ. ಅಷ್ಟೇ ಅಲ್ಲ, 1914ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಬೈರಮ್ ಬ್ರಾಮ್‌ವೆಲ್ ಕಲ್ಲುಕುಟಿಗರಲ್ಲಿ ಚರ್ಮ ಗಡಸಾಗುವ ಈ ರೋಗವನ್ನು ಗುರುತಿಸಿದರು. 1957ರಲ್ಲಿ ಎರಾಸ್ಮಸ್ ಎಂಬ ವೈದ್ಯರು ದಕ್ಷಿಣ ಆಫ್ರಿಕದ ಚಿನ್ನದ ಗಣಿಗಾರರಲ್ಲಿ ಅದನ್ನೇ ಕಂಡರು. ಸಿಲಿಕಾ ದೂಳಿಗೂ ಈ ಕಾಯಿಲೆಗೂ ನಂಟಿದೆಯೆಂಬುದನ್ನು ನಂತರದ ಅಧ್ಯಯನಗಳು ಎತ್ತಿಹಿಡಿದಿವೆ. ಎಲ್ಲ ರೋಗಿಗಳಿಗೂ ದೂಳೇ ಕಾರಣವಲ್ಲ. ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿಯೇ ಹಲವು ಪಟ್ಟು ಹೆಚ್ಚು. ಆದರೂ ಕಲ್ಲು ಒಡೆಯುವಲ್ಲಿ ನೀರು ಚಿಮುಕಿಸಿ ದೂಳು ಅಡಗಿಸುವುದು ಬೆಳಕಿನ ಯಂತ್ರಕ್ಕಿಂತ ಎಷ್ಟೋ ಅಗ್ಗ.

2016ರ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು ಏಳರಿಂದ ಇಪ್ಪತ್ತೊಂದಕ್ಕೆ ವಿಸ್ತರಿಸಿತು. ಆಸಿಡ್ ದಾಳಿಗೆ ತುತ್ತಾದವರು ಅದರಲ್ಲಿ ಸೇರಿದ್ದಾರೆ; ಮುಖದ ನಷ್ಟವೂ ನಷ್ಟವೇ ಎಂದು ಕಾನೂನು ಆ ಮಟ್ಟಿಗೆ ಒಪ್ಪಿದಂತಾಯಿತು. ನರಗಳಿಗೆ ಸಂಬಂಧಿಸಿದ ಮಲ್ಟಿಪಲ್ ಸ್ಕ್ಲೀರೋಸಿಸ್ ಇದೆ. ಸಿಸ್ಟಮಿಕ್ ಸ್ಕ್ಲೀರೋಸಿಸ್‌ನ ಹೆಸರಿಲ್ಲ. ಬೆರಳು ಮಡಚಲಾಗದವರು ಚಲನಾಂಗ ವೈಕಲ್ಯದ ಅಡಿಯಲ್ಲಿ ಪ್ರಮಾಣಪತ್ರಕ್ಕೆ ಪ್ರಯತ್ನಿಸಬಹುದು. ಬಾಯಿ ತೆರೆಯಲಾಗದವರನ್ನು ಯಾವ ಕಲಮಿಗೆ ಸೇರಿಸುವುದು ಎಂಬ ಪ್ರಶ್ನೆ ಹಾಗೆಯೇ ಇದೆ. ಚಿಕ್ಕಬಳ್ಳಾಪುರಕ್ಕೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಚಿಂತಾಮಣಿಯಿಂದಲೋ ಗೌರಿಬಿದನೂರಿನಿಂದಲೋ ಒಂದು ದಿನದ ಕೂಲಿ ಬಿಟ್ಟು, ಬಸ್ ಹಿಡಿದು ಬೆಂಗಳೂರಿಗೆ ಹೋಗಿ ಬರುವುದನ್ನು ವಾರಕ್ಕೆ ಮೂರು ಸಲ, ತಿಂಗಳುಗಟ್ಟಲೆ ಮಾಡುವುದು ಬಡವರಿಗೆ ಸಾಧ್ಯವಿಲ್ಲ. ಚಳಿಗೆ ಬೆರಳು ಬಿಳಿಚುವವರನ್ನು ಗುರುತಿಸಿ ಬೇಗ ಕಳುಹಿಸಲು ಆಶಾ ಕಾರ್ಯಕರ್ತೆಯರಿಗೆ ತಿಳಿಸಿಕೊಡುವುದು, ಜಿಲ್ಲಾ ಮಟ್ಟದಲ್ಲಿ ಒಂದು ಚರ್ಮರೋಗ ದಿನ, ವ್ಯಾಯಾಮ ಕಲಿಸುವ ಒಬ್ಬ ಫಿಸಿಯೊಥೆರಪಿಸ್ಟ್: ಇವು ಅಸಾಧ್ಯವಾದ ಬೇಡಿಕೆಗಳೇನಲ್ಲ. ಬೆಳಕಿನ ಯಂತ್ರ ಅದರ ನಂತರದ ಮಾತು.

ಫಿನ್ಸೆನ್ ಮಹಾ ಸಿದ್ಧಾಂತಿಯೇನಲ್ಲ. ಅವರ ಊಹೆಗಳಲ್ಲಿ ಕೆಲವು ತಪ್ಪಿದವು, ಅವರ ದೀಪ ಅರ್ಧ ಶತಮಾನದಲ್ಲಿ ಆರಿತು. ಉಳಿದದ್ದು, ಮುಖ ಕಳೆದುಕೊಂಡ ಮನುಷ್ಯನ ಪಕ್ಕದಲ್ಲಿ ದಿನಕ್ಕೊಂದು ಗಂಟೆ ಕುಳಿತುಕೊಳ್ಳುವುದು ಒಂದು ದೇಶ ಮಾಡಬೇಕಾದ ಕೆಲಸ ಎಂಬ ಅವರ ನಿಶ್ಚಯ. ಆ ಹೆಣ್ಣುಮಗಳ ಅರ್ಜಿ ಮತ್ತೆ ನನ್ನ ಮೇಜಿಗೆ ಬರಲಿಲ್ಲ. ಆಕೆ ಏನಾದಳೋ ವಿಚಾರಿಸುವ ಗೋಜಿಗೂ ನಾನು ಅಂದು ಹೋಗಲಿಲ್ಲ. ಅಂಥ ಅರ್ಜಿ ಇಂದು ಯಾವುದೋ ಕಚೇರಿಯಲ್ಲಿ ಯಾವನೋ ಯುವ ಅಧಿಕಾರಿಯ ಮುಂದೆ ಇದ್ದರೆ, ಸಹಿ ಹಾಕುವ ಮೊದಲು ಆತ ಒಮ್ಮೆ ತಲೆ ಎತ್ತಿ ಎದುರಿನ ಮುಖವನ್ನು ನೋಡಲಿ ಎಂದಷ್ಟೇ ನನ್ನ ಕೋರಿಕೆ.